ಲಕೋಟೆಯಲ್ಲಿ ಮೂರು ಸಾವಿರ ಬಾತ್

2024ನೆಯ ಇಸವಿ ಅಕ್ಟೋಬರ್ 7ನೆಯ ತಾರೀಖು, ಸೋಮವಾರ. ಬ್ಯಾಂಕಾಕ್ ನಗರದ ಸೀಲೋಮ್ ರಸ್ತೆಗೆ ಸೇರಿದ ಓಣಿಯೊಂದರಲ್ಲಿ, ಮೂರು ಹಾಸಿಗೆಗಳನ್ನು ಹಾಕಿದ ಮೇಲೆ ನಡೆದಾಡಲು ಜಾಗವೇ ಉಳಿಯದಂಥ ವಸತಿಗೃಹದ ಕೋಣೆಯಲ್ಲಿ, ಬೆಂಗಳೂರಿನ ಹುಡುಗಿಯೊಬ್ಬಳಿಗೆ ಅಂದು ಹದಿನೈದು ವರ್ಷ ತುಂಬಿತು. ಎದ್ದು ಮುಖ ತೊಳೆದು ಬಂದವಳ ಕೈಗೆ ತಂದೆ ಒಂದು ಲಕೋಟೆಯನ್ನು ಕೊಟ್ಟರು. ಒಳಗೆ ಮೂರು ಸಾವಿರ ಬಾತ್ ಇತ್ತು. ಅಂದಿನ ದರದಲ್ಲಿ ಸುಮಾರು ಏಳೂವರೆ ಸಾವಿರ ರೂಪಾಯಿ.

“ಇವತ್ತಿನ ಖರ್ಚೆಲ್ಲ ನಿನ್ನದು, ಪುಟ್ಟಿ. ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು, ಯಾವುದನ್ನು ಬಿಡಬೇಕು, ಎಲ್ಲವನ್ನೂ ನೀನೇ ಹೇಳು. ನಾವು ನಿನ್ನ ಹಿಂದೆ ಬರುತ್ತೇವೆ” ಎಂದರು ತಂದೆ.

ಬಾತ್ ಎಂದರೆ ವಾಂಗಿಬಾತನ್ನೇ ನೆನೆಯುವ ಕನ್ನಡಿಗರಿಗೆ ಆ ನಾಣ್ಯದ ಬೆಲೆ ಬೇಗ ತಲೆಗೆ ಹತ್ತುವುದಿಲ್ಲ. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಎಂದು ಆಗ ಲೆಕ್ಕ. ಮೂವರ ಒಂದು ದಿನದ ಊಟ, ಓಡಾಟ, ನೋಟ, ವರ್ಧಂತಿಯ ಸಂಭ್ರಮ ಎಲ್ಲವೂ ಆ ಲಕೋಟೆಯಲ್ಲಿಯೇ ಮುಗಿಯಬೇಕಾಗಿತ್ತು. ಅದಕ್ಕೆ ಮೇಲೆ ಒಂದು ಕಾಸೂ ಇಲ್ಲವೆಂಬುದು ಹುಡುಗಿಗೆ ತಿಳಿದಿತ್ತು. ಆಕೆಯ ಗೆಳತಿಯರಲ್ಲಿ ಕೆಲವರ ಹುಟ್ಟುಹಬ್ಬಗಳು ಹೋಟೆಲಿನ ಹಜಾರಗಳಲ್ಲಿ ನಡೆದಿದ್ದವು. ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ ಎದುರಾಗುತ್ತದೆ, ಆಮೇಲೆ ತಿರುಗಾಟದ ಮಾತೇ ಇಲ್ಲ ಎಂದು ತಂದೆ ತಾಯಿ ಯೋಚಿಸಿ, ಎರಡು ವರ್ಷ ಕೂಡಿಟ್ಟ ಹಣದಲ್ಲಿ ಈ ನಾಲ್ಕು ದಿನದ ಪ್ರವಾಸವನ್ನು ಹೊಂದಿಸಿದ್ದರು. ಬ್ಯಾಂಕಾಕನ್ನೇ ಆರಿಸಿದುದಕ್ಕೂ ಜಮಾಖರ್ಚೇ ಕಾರಣ. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ದಾರಿ. ಆ ವರ್ಷ ಭಾರತೀಯರಿಗೆ ವೀಸಾ ಶುಲ್ಕವೂ ಇರಲಿಲ್ಲ.

ಮನೆಯಲ್ಲಿ ಅಜ್ಜಿಗೆ ಮಾತ್ರ ಇದು ಸರಿಬಂದಿರಲಿಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಯನ್ನು ಬಿಟ್ಟು ಹೋಗುವುದುಂಟೇ ಎಂಬುದು ಆಕೆಯ ಆಕ್ಷೇಪ. ಶಾಲೆಗೆ ರಜೆ ಸಿಗುವುದು ದಸರೆಯಲ್ಲಿಯೇ ಎಂದು ಸಮಾಧಾನ ಹೇಳಿದ ಮೇಲೆ, “ತಿಥಿಯ ಪ್ರಕಾರ ವರ್ಧಂತಿ ವಿಜಯದಶಮಿ ಕಳೆದ ಮೇಲೆ ಬರುತ್ತದೆ. ಅದನ್ನು ಇಲ್ಲಿ ಮಾಡೋಣ. ತಾರೀಖಿನದನ್ನು ನೀವು ಎಲ್ಲಿ ಬೇಕಾದರೂ ಮಾಡಿಕೊಳ್ಳಿ” ಎಂದು ದೀಪದ ಜವಾಬ್ದಾರಿಯನ್ನು ತಾನೇ ಹೊತ್ತು ಉಳಿದಿದ್ದರು.

ಆದರೆ ಆ ಬೆಳಿಗ್ಗೆ ಕೋಣೆಯಲ್ಲಿ ಸಂತೋಷ ಪೂರ್ಣವಾಗಿರಲಿಲ್ಲ. ಹಿಂದಿನ ರಾತ್ರಿ ತಾಯಿಗೂ ಮಗಳಿಗೂ ಮಾತಾಗಿತ್ತು. ಕೇಕಿನ ಮೇಲೆ ಮೇಣದಬತ್ತಿ ಹಚ್ಚಿ ಊದಬೇಕೆಂದು ಮಗಳು. ದೀಪವನ್ನು ಬಾಯಿಂದ ಊದಿ ಆರಿಸುವುದು ಬೇಡವೆಂದು ತಾಯಿ. ಈ ವಾದಕ್ಕೆ ಆರು ವರ್ಷ ವಯಸ್ಸಾಗಿತ್ತು. ಒಂಬತ್ತನೆಯ ಹುಟ್ಟುಹಬ್ಬದಂದು ಗೆಳತಿಯರೆಲ್ಲ ಸುತ್ತ ನಿಂತು ಚಪ್ಪಾಳೆಗೆ ಕೈ ಎತ್ತಿದ್ದಾಗ ತಾಯಿ ಬತ್ತಿಯನ್ನು ಕಿತ್ತು ದೇವರ ಮುಂದೆ ಇಟ್ಟುಬಿಟ್ಟಿದ್ದರು. ಆ ನಾಚಿಕೆಯನ್ನು ಹುಡುಗಿ ಮರೆತಿರಲಿಲ್ಲ. “ಪರದೇಶಕ್ಕೆ ಬಂದರೂ ಮಡಿ ಬಿಡುವುದಿಲ್ಲ” ಎಂದು ಆಕೆ ಅಂದದ್ದು, ತಾಯಿ ಉತ್ತರ ಕೊಡದೆ ಗೋಡೆಯ ಕಡೆ ತಿರುಗಿ ಮಲಗಿದ್ದು ರಾತ್ರಿ ನಡೆದ ಸಂಗತಿ. ಹಣ ಕೈಗೆ ಬಂದ ಕೂಡಲೇ ಹುಡುಗಿ ಓಣಿಯ ಮೂಲೆಯಂಗಡಿಗೆ ಒಬ್ಬಳೇ ಹೋಗಿ ಒಂದು ಕಟ್ಟು ಸಣ್ಣ ಮೇಣದಬತ್ತಿಗಳನ್ನು ಕೊಂಡು ಚೀಲದಲ್ಲಿ ಹಾಕಿಕೊಂಡಳು. ಬೆಲೆ 20 ಬಾತ್. ಪುಟ್ಟ ಟಿಪ್ಪಣಿ ಪುಸ್ತಕದಲ್ಲಿ ಅದನ್ನೇ ಮೊದಲ ಖರ್ಚೆಂದು ಬರೆದಳು.

ಬ್ಯಾಂಕಾಕಿನಲ್ಲಿ ಕಡಮೆ ಹಣದಲ್ಲಿ ತಿರುಗಬೇಕೆನ್ನುವವರಿಗೆ ಚಾವೋ ಪ್ರಾಯಾ ನದಿಯೇ ರಾಜಮಾರ್ಗ. ಕಂಬಗಳ ಮೇಲೆ ಓಡುವ ರೈಲು 1999ರಲ್ಲಿ ಬಂದಿತು. ದೋಣಿ ಅದಕ್ಕಿಂತ ಎಷ್ಟೋ ಹಳೆಯದು. ಸಾಥೋನ್ ಕಟ್ಟೆಯಲ್ಲಿ ಪ್ರವಾಸಿಗರನ್ನು ಕೂಗಿ ಕರೆಯುವ ದುಬಾರಿ ದೋಣಿಗಳ ಪಕ್ಕದಲ್ಲಿಯೇ ಕಿತ್ತಳೆ ಬಣ್ಣದ ಬಾವುಟ ಕಟ್ಟಿದ ಊರಿನವರ ದೋಣಿಯೂ ನಿಲ್ಲುತ್ತದೆ. ಖಜಾಂಚಿಯ ಕಣ್ಣು ಸಹಜವಾಗಿ ಆ ಬಾವುಟದ ಮೇಲೆ ಬಿತ್ತು. ತಲೆಗೆ 16 ಬಾತ್‌ನಂತೆ ಮೂವರಿಗೆ 48. ಉದ್ದನೆಯ ತಗಡಿನ ಕೊಳವೆಯನ್ನು ಝಣಝಣ ಕುಲುಕುತ್ತ ಬಂದ ಹೆಂಗಸು ಅದರೊಳಗಿನಿಂದಲೇ ಚೀಟಿ ಹರಿದುಕೊಟ್ಟಳು. ಕಾವಿ ಬಟ್ಟೆಯ ಭಿಕ್ಷುಗಳಿಗೆಂದು ಬೇರೆಯೇ ಜಾಗವಿತ್ತು. ಕಚೇರಿಗೆ ಹೊರಟವರಲ್ಲಿ ಹಲವರು ಹಳದಿ ಅಂಗಿ ತೊಟ್ಟಿದ್ದರು. ಸೋಮವಾರಕ್ಕೆ ಅಲ್ಲಿ ಹಳದಿ ಬಣ್ಣ. ವಾರದ ಒಂದೊಂದು ದಿನಕ್ಕೂ ಒಂದೊಂದು ಬಣ್ಣವಿದೆ. ಸೋಮವಾರಕ್ಕೆ ‘ವನ್ ಚನ್’, ಬುಧವಾರಕ್ಕೆ ‘ವನ್ ಪುತ್’ ಎನ್ನುತ್ತಾರೆ. ಚಂದ್ರನೂ ಬುಧನೂ ಸಮುದ್ರ ದಾಟಿ ಹೋಗಿ ಕೊಂಚ ಬಾಯಿ ಬದಲಿಸಿಕೊಂಡಿದ್ದಾರೆ, ಅಷ್ಟೇ.

ತಾ ಚಾಂಗ್ ಎಂಬ ಕಟ್ಟೆಯಲ್ಲಿ ಇಳಿದರು. ಆನೆಗಳ ಘಟ್ಟವೆಂದು ಅದರ ಅರ್ಥ. ಅರಮನೆಯ ಆನೆಗಳನ್ನು ಮೈ ತೊಳೆಯಲು ಅಲ್ಲಿಗೆ ತರುತ್ತಿದ್ದರಂತೆ. 1782ರಲ್ಲಿ ಮೊದಲನೆಯ ರಾಮ ಎಂಬ ಅರಸನು ಕಟ್ಟಿಸಲಾರಂಭಿಸಿದ ಮಹಾರಾಜಭವನದ ಬಿಳಿಯ ಗೋಡೆ ಅಲ್ಲಿಂದ ಕಾಣುತ್ತದೆ. ಆ ನಗರಕ್ಕೆ ಅವರದೇ ಭಾಷೆಯಲ್ಲಿ ಇರುವ ಹೆಸರು ಬಹಳ ಉದ್ದವಾದುದು; ಇಂದ್ರನು ಕೊಟ್ಟು ವಿಶ್ವಕರ್ಮನು ಕಟ್ಟಿದ ಪಟ್ಟಣವೆಂಬ ವರ್ಣನೆಯೂ ಅದರಲ್ಲಿ ಅಡಗಿದೆ.

ಗೋಡೆಯ ಪಕ್ಕದಲ್ಲಿ ನಡೆಯುತ್ತಿದ್ದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಭ್ಯನೊಬ್ಬ ಎದುರಾದ. ಎಲ್ಲಿಂದ ಬಂದಿರಿ, ಭಾರತದಿಂದಲೇ, ಬಹಳ ಸಂತೋಷ ಎಂದೆಲ್ಲ ವಿಚಾರಿಸಿದ ಮೇಲೆ, ಅರಮನೆ ಪೂಜೆಯ ಕಾರಣ ಮಧ್ಯಾಹ್ನದವರೆಗೆ ಮುಚ್ಚಿದೆ ಎಂದು ಮರುಕದಿಂದ ತಿಳಿಸಿದ. ಅಷ್ಟರಲ್ಲಿ ನೋಡಲು ಮೂರು ದೇವಾಲಯಗಳಿವೆ, ಈ ಮೂರುಗಾಲಿಯ ಗಾಡಿಯವನು ಮೂವರನ್ನೂ ಸೇರಿಸಿ ಬರೇ 20 ಬಾತ್‌ಗೆ ಸುತ್ತಿಸಿ ತರುತ್ತಾನೆ ಎಂದ. ತಂದೆ ಕೃತಜ್ಞತೆಯಿಂದ ಕೈಮುಗಿದು ಗಾಡಿಗೆ ಕಾಲಿಟ್ಟೇಬಿಟ್ಟಿದ್ದರು.

“ಅಪ್ಪಾ, ಇಳಿಯಿರಿ” ಎಂದಳು ಮಗಳು. “ದೋಣಿಗೇ ನಲವತ್ತೆಂಟು ಕೊಟ್ಟೆವು. ಇವನು ಇಪ್ಪತ್ತಕ್ಕೆ ಊರೆಲ್ಲ ಹೇಗೆ ಸುತ್ತಿಸುತ್ತಾನೆ?”

ಪ್ರಶ್ನೆ ಸರಳವಾಗಿತ್ತು, ತಂದೆಯ ಬಳಿ ಉತ್ತರವಿರಲಿಲ್ಲ. ಇನ್ನೂರು ಹೆಜ್ಜೆ ಮುಂದೆ ಹೋದರೆ ಅರಮನೆಯ ಬಾಗಿಲು ವಿಶಾಲವಾಗಿ ತೆರೆದಿತ್ತು, ಜನ ಸಾಲುಗಟ್ಟಿ ಒಳಗೆ ಹೋಗುತ್ತಿದ್ದರು. ಈ ಆಟ ಅಲ್ಲಿ ಬಲು ಹಳೆಯದು. ಅಗ್ಗದ ಗಾಡಿ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೋ ದರ್ಜಿಯ ಅಂಗಡಿಯ ಮುಂದೋ ಆಗಿರುತ್ತದೆ. ಅಲ್ಲಿ ಪ್ರವಾಸಿಗನು ಕಳೆದುಕೊಳ್ಳುವ ಹಣದಲ್ಲಿ ಗಾಡಿಯವನಿಗೂ ಪಾಲು. ಲೆಕ್ಕಪತ್ರದ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದ ತಂದೆಯವರು ಆಮೇಲೆ ಅರ್ಧ ಗಂಟೆ ಹೆಚ್ಚು ಮಾತಾಡಲಿಲ್ಲ.

ಖಜಾಂಚಿಗೂ ಒಂದು ದಂಡ ಕಾದಿತ್ತು. ಮೊಣಕಾಲು ಕಾಣುವ ಉಡುಪಿನವರನ್ನು ಅರಮನೆಯೊಳಗೆ ಬಿಡುವುದಿಲ್ಲ. ಬೆಳಿಗ್ಗೆಯೇ ತಾಯಿ ಹೇಳಿದ್ದರೂ ಆಕೆ ಮೊಂಡುತನದಿಂದ ಗಿಡ್ಡ ಚಡ್ಡಿಯಲ್ಲಿಯೇ ಬಂದಿದ್ದಳು. ಆನೆಗಳ ಚಿತ್ರ ಅಚ್ಚೊತ್ತಿದ ಜೋಲು ಷರಾಯಿಯೊಂದನ್ನು ಬೀದಿಯಲ್ಲಿ ಚೌಕಾಸಿ ಮಾಡಿ 120 ಬಾತ್‌ಗೆ ಕೊಳ್ಳಬೇಕಾಯಿತು. ತಾಯಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತೆಂದು ಹುಡುಗಿಗೆ ಅನ್ನಿಸಿತು.

ಒಳಗೆ ಹೋಗಲು ತಲೆಗೆ 500 ಬಾತ್. ಮೂವರಿಗೆ 1500, ಎಂದರೆ ಲಕೋಟೆಯ ಅರ್ಧ. ಟಿಕೆಟ್ಟಿನ ಗೂಡಿನ ಮುಂದೆ ಆಕೆ ಬಹಳ ಹೊತ್ತು ನಿಂತಳು. ಆ ಹಣದಲ್ಲಿ ಅಂಗಡಿಬೀದಿಯಲ್ಲಿ ಏನೇನು ಬರುತ್ತಿತ್ತೆಂಬುದನ್ನು ಹಿಂದಿನ ಎರಡು ದಿನಗಳಲ್ಲಿ ನೋಡಿಟ್ಟುಕೊಂಡಿದ್ದಳು. ತಂದೆ ಬೇರೆ ಕಡೆ ನೋಡುತ್ತಿದ್ದರು. ಆದರೆ ಒಳಗಿರುವ ರಾಮಾಯಣದ ಚಿತ್ರಗಳ ವಿಷಯವನ್ನು ಅವರು ಒಂದು ತಿಂಗಳಿಂದ ಓದುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿತ್ತು. ಹುಡುಗಿ ಸಾವಿರದ ನೋಟು ಒಂದನ್ನೂ ಐದುನೂರರದೊಂದನ್ನೂ ಎಣಿಸಿಕೊಟ್ಟಳು.

ಮರಕತ ಬುದ್ಧನ ಗುಡಿಯ ಸುತ್ತಿನ ಮೊಗಸಾಲೆಯಲ್ಲಿ 178 ಚಿತ್ರಗಳಲ್ಲಿ ಥಾಯಿ ಜನರ ರಾಮಾಯಣವಾದ ರಾಮಕಿಯೆನ್ ಹರಡಿಕೊಂಡಿದೆ. ಚಿನ್ನದ ಬಣ್ಣ ಎಲ್ಲೆಡೆಯೂ ಮಿನುಗುತ್ತದೆ. ಅಲ್ಲಿ ಸೀತೆ ರಾವಣನ ಮಗಳೇ. ಪೆಟ್ಟಿಗೆಯಲ್ಲಿಟ್ಟು ತೇಲಿಬಿಟ್ಟ ಶಿಶು ಜನಕನಿಗೆ ದೊರೆಯುತ್ತದೆ. ಇದನ್ನು ತಂದೆ ಶಾಂತವಾಗಿ ಸ್ವೀಕರಿಸಿದರು. ಭಾರತದಲ್ಲಿಯೂ ಅಂಥ ಕಥೆಗಳುಂಟು. ಹನುಮಂತನ ವಿಷಯದಲ್ಲಿ ಮಾತ್ರ ಅವರ ಸಮಾಧಾನ ಕದಡಿತು. ಸೇತುವೆಯ ಕಲ್ಲುಗಳನ್ನು ಕದಿಯಲು ಬಂದ ಮತ್ಸ್ಯಕನ್ಯೆಯನ್ನು ಅಲ್ಲಿಯ ಹನುಮಂತ ಮೋಹಿಸುತ್ತಾನೆ, ಅವರಿಗೆ ಒಬ್ಬ ಮಗನೂ ಹುಟ್ಟುತ್ತಾನೆ. ಅಂಜನಾದ್ರಿಯ ಮೆಟ್ಟಿಲು ಹತ್ತಿ ಬ್ರಹ್ಮಚಾರಿಗೆ ಕೈಮುಗಿದು ಬಂದವರಿಗೆ ಇದು ಹೇಗೆ ಹಿಡಿಸೀತು? “ನಮ್ಮ ಹನುಮಪ್ಪ ಬೇರೆ, ಇವನು ಬೇರೆ” ಎಂದು ತೀರ್ಪು ಕೊಟ್ಟರು. ಆ ಬೆಳಿಗ್ಗೆ ತಾಯಿ ಮಗಳು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮೂರಡಿಯೂ ಇಲ್ಲದ ಮರಕತ ಬುದ್ಧನು ಎತ್ತರದ ಪೀಠದ ಮೇಲೆ ಮಳೆಗಾಲದ ಚಿನ್ನದ ಉಡುಪಿನಲ್ಲಿದ್ದನು. ಬೇಸಿಗೆ, ಮಳೆ, ಚಳಿ ಎಂದು ಮೂರು ಕಾಲಕ್ಕೆ ಮೂರು ಉಡುಪು. ಅದನ್ನು ಬದಲಿಸುವ ಸೇವೆ ಅರಸನದು.

ಹೊರಬಂದಾಗ ಹಸಿವು ಜೋರಾಗಿತ್ತು. ಸಸ್ಯಾಹಾರಿಗಳಿಗೆ ಆ ದೇಶ ಸಾಮಾನ್ಯವಾಗಿ ಕಷ್ಟದ್ದೇ. ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ಆದರೆ ಅದೃಷ್ಟವೆಂಬಂತೆ ನಮ್ಮ ನವರಾತ್ರಿಯ ದಿನಗಳಲ್ಲಿಯೇ ಅಲ್ಲಿಯ ಚೀನೀ ಮೂಲದವರ ಒಂಬತ್ತು ದಿನದ ಸಸ್ಯಾಹಾರದ ವ್ರತ ನಡೆಯುತ್ತದೆ. ಆ ವರ್ಷ ಅದು ಅಕ್ಟೋಬರ್ 3ರಿಂದ 11ರವರೆಗೆ ಇತ್ತು. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ, ದೂರದಿಂದ 17 ಎಂಬ ಅಂಕಿಯಂತೆ ಕಾಣುವ ‘ಜೇ’ ಎಂಬ ಅಕ್ಷರಗಳಿದ್ದರೆ ಅಲ್ಲಿ ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದು. ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ನವರಾತ್ರಿಯಲ್ಲಿ ಈರುಳ್ಳಿ ಮುಟ್ಟದ ತಾಯಿಗೆ ಬೆಂಗಳೂರಿನ ಹೋಟೆಲುಗಳಲ್ಲಿಯೂ ಸಿಗದ ಸೌಕರ್ಯ ಅಲ್ಲಿಯ ಬೀದಿಬದಿಯ ಗಾಡಿಯಲ್ಲಿ ಸಿಕ್ಕಿತು. ಅನ್ನ, ಅಣಬೆ, ಸೋಯಾದ ಗಟ್ಟಿ. ನೀರು ಸೇರಿ ಮೂವರಿಗೆ 210 ಬಾತ್.

ಅಲ್ಲಿಂದ ತಾ ತಿಯೆನ್ ಕಟ್ಟೆಗೆ ನಡೆದು, ತಲೆಗೆ 5 ಬಾತ್ ಕೊಟ್ಟು ಹೊಳೆ ದಾಟಿದರು. ಆಚೆ ದಡದಲ್ಲಿ ವಾಟ್ ಅರುಣ್, ಎಂದರೆ ಅರುಣನ ಹೆಸರಿನ ದೇಗುಲ. ಪಿಂಗಾಣಿಯ ಚೂರುಗಳಿಂದ ಹೂ ಬಳ್ಳಿ ಬಿಡಿಸಿದ ಅದರ ಗೋಪುರ ಹೊಳೆಯ ನಡುವಿನಿಂದ ನೋಡಿದಾಗಲೇ ಹೆಚ್ಚು ಚೆಲುವು. ಒಳಗೆ ಮತ್ತೆ ಟಿಕೆಟ್ಟು ಎಂದು ತಿಳಿದ ಖಜಾಂಚಿ, “ನೋಡಿದ್ದಾಯಿತಲ್ಲ” ಎಂದು ತಂದೆ ತಾಯಿಯರನ್ನು ಪಕ್ಕದ ಓಣಿಗಳ ಕಡೆ ತಿರುಗಿಸಿದಳು. ಅರಮನೆಯ ಕಡೆಯ ಗದ್ದಲ ಇಲ್ಲಿಲ್ಲ. ಮನೆಗಳ ಮುಂದೆ ಬಟ್ಟೆ ಒಣಗುತ್ತಿರುತ್ತವೆ, ಬೆಕ್ಕುಗಳು ಮಲಗಿರುತ್ತವೆ.

ಆ ಓಣಿಗಳಲ್ಲೊಂದರ ಕೊನೆಗೆ ಸಣ್ಣದೊಂದು ವಿಹಾರವಿತ್ತು. ಪ್ರವೇಶಕ್ಕೆ ಕಾಸಿಲ್ಲ. ಜಗಲಿಯ ಮೇಲೆ ಸಾಲಾಗಿ ಬುದ್ಧನ ಎಂಟು ಚಿಕ್ಕ ವಿಗ್ರಹಗಳು, ಒಂದೊಂದರ ಮುಂದೆ ಒಂದೊಂದು ಹುಂಡಿ. ಹುಡುಗಿ ಎಣಿಸಿ ನೋಡಿ, ಎಂಟೇಕೆ ಎಂದು ಯೋಚಿಸುತ್ತಿದ್ದಾಗ, ತಾವರೆಯ ಮೊಗ್ಗು ಮಾರುತ್ತಿದ್ದ ಮುದುಕಿ ಏನೋ ಕೇಳಿದಳು. ಫೋನಿನ ಭಾಷಾಂತರದ ಯಂತ್ರವನ್ನು ಮುಂದೆ ಹಿಡಿದಾಗ ಪ್ರಶ್ನೆ ತಿಳಿಯಿತು: “ನೀನು ಯಾವ ವಾರ ಹುಟ್ಟಿದವಳು?”

ಥಾಯಿ ಜನರಲ್ಲಿ ತಾರೀಖಿಗಿಂತ ಹುಟ್ಟಿದ ವಾರಕ್ಕೆ ಹೆಚ್ಚಿನ ಮನ್ನಣೆ. ಒಂದೊಂದು ವಾರಕ್ಕೆ ಬುದ್ಧನ ಒಂದೊಂದು ಭಂಗಿ. ಮಂಗಳವಾರದವರಿಗೆ ಮಲಗಿದ ಬುದ್ಧ, ಗುರುವಾರದವರಿಗೆ ಧ್ಯಾನದ ಬುದ್ಧ, ಶನಿವಾರದವರಿಗೆ ಹೆಡೆ ಬಿಚ್ಚಿದ ನಾಗನ ನೆರಳಿನ ಬುದ್ಧ. ಹುಡುಗಿ ಫೋನಿನಲ್ಲಿಯೇ 2009ರ ಪಂಚಾಂಗವನ್ನು ಹುಡುಕಿ “ವನ್ ಪುತ್” ಎಂದಳು. ಮುದುಕಿ ತಲೆಯಾಡಿಸಿ ಮತ್ತೆ ಕೇಳಿದಳು: “ಹಗಲೋ, ರಾತ್ರಿಯೋ?”

ಬುಧವಾರಕ್ಕೆ ಮಾತ್ರ ಎರಡು ವಿಗ್ರಹಗಳು. ಹಗಲು ಹುಟ್ಟಿದವರಿಗೆ ಭಿಕ್ಷಾಪಾತ್ರೆ ಹಿಡಿದ ಬುದ್ಧ. ಸಂಜೆ ಆರರ ಮೇಲೆ ಹುಟ್ಟಿದವರ ಅಧಿಪತಿ ರಾಹು.

ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ಹದಿನೈದು ವರ್ಷ ಹುಟ್ಟುಹಬ್ಬ ಮಾಡಿಕೊಂಡವಳು ತಾನು ಹುಟ್ಟಿದ ಹೊತ್ತನ್ನು ಒಮ್ಮೆಯೂ ಕೇಳಿರಲಿಲ್ಲ. ತಾಯಿಯ ಕಡೆ ತಿರುಗಬೇಕಾಯಿತು.

“ರಾತ್ರಿ” ಎಂದರು ತಾಯಿ. “ಏಳಕ್ಕೆ ಹತ್ತು ನಿಮಿಷ ಇತ್ತು.”

ರಾಹುವಿನ ಹೆಸರು ಕೇಳಿ ತಾಯಿಯ ಮುಖ ಬಾಡಿದ್ದನ್ನು ಮುದುಕಿ ಕಂಡಿರಬೇಕು. ಆಕೆಯೇ ಎದ್ದು ಬಂದು ಕೊನೆಯ ವಿಗ್ರಹವನ್ನು ತೋರಿಸಿದಳು. ಅಲ್ಲಿ ಭಯಪಡಿಸುವಂಥದೇನೂ ಇರಲಿಲ್ಲ. ಬುದ್ಧನು ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಾನೆ. ಒಂದು ಪಕ್ಕದಲ್ಲಿ ಆನೆ ನೀರು ತಂದಿದೆ, ಇನ್ನೊಂದು ಪಕ್ಕದಲ್ಲಿ ಕೋತಿ ಜೇನುಹುಟ್ಟನ್ನು ಒಪ್ಪಿಸುತ್ತಿದೆ. ಕೌಶಾಂಬಿಯಲ್ಲಿ ಶಿಷ್ಯರು ತಮ್ಮತಮ್ಮೊಳಗೆ ಜಗಳವಾಡಿ ಮಾತು ಕೇಳದಾದಾಗ, ಬುದ್ಧನು ಅವರನ್ನು ಬಿಟ್ಟು ಪಾರಿಲೇಯಕವೆಂಬ ಕಾಡಿಗೆ ಹೋದನಂತೆ. ಅಲ್ಲಿ ಅವನನ್ನು ನೋಡಿಕೊಂಡವು ಈ ಎರಡು ಪ್ರಾಣಿಗಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಅಕ್ಟೋಬರಿನಲ್ಲಿ ಅಲ್ಲಿಯ ಮಳೆ ಮುನ್ಸೂಚನೆ ಕೊಡುವುದಿಲ್ಲ. ಮೂವರೂ ಜಗಲಿಯಲ್ಲಿ ಕುಳಿತರು. ಹೊರಗೆ ನೀರು ಸುರಿಯುವುದನ್ನು ನೋಡುತ್ತ ತಾಯಿ ತಾವಾಗಿಯೇ ಮಾತಿಗೆ ತೊಡಗಿದರು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು ಉತ್ತರ ಕರ್ನಾಟಕಕ್ಕೆ ಮರೆಯಲಾಗದವು. ಬರದ ಸೀಮೆಯೆನಿಸಿಕೊಂಡ ರಾಯಚೂರು, ಬಿಜಾಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮಳೆ ಸುರಿದು ಊರೂರುಗಳೇ ಮುಳುಗಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 2ರಂದು ತುಂಗಭದ್ರೆ ಮಂತ್ರಾಲಯದೊಳಕ್ಕೆ ನುಗ್ಗಿದ್ದಳು. ತಾಯಿಯ ತವರು ರಾಯಚೂರು ಜಿಲ್ಲೆಯ ಸಣ್ಣ ಊರು. ಚೊಚ್ಚಲ ಬಾಣಂತನಕ್ಕೆ ಅಲ್ಲಿಗೆ ಹೋಗಿದ್ದರು. ತಂದೆ ಬೆಂಗಳೂರಿನಲ್ಲಿ, ದಾರಿಗಳು ಕಡಿದು ಅವರು ಬಂದು ಸೇರಿದ್ದು ಮಗು ಹುಟ್ಟಿದ ಮೂರನೆಯ ದಿನ. ಊರಿಗೆ ಐದು ದಿನದಿಂದ ವಿದ್ಯುತ್ತಿರಲಿಲ್ಲ. ಹೆರಿಗೆಯ ಕೋಣೆಯಲ್ಲಿ ಸೂಲಗಿತ್ತಿಯಂತೆ ನಿಂತ ದಾದಿಯ ಕೈಯಲ್ಲಿ ಒಂದು ಮೇಣದಬತ್ತಿ. ಆಸ್ಪತ್ರೆಯಲ್ಲಿ ಉಳಿದಿದ್ದುದೂ ಅದೊಂದೇ.

“ಕಿಟಕಿಯ ಗಾಜು ಒಡೆದಿತ್ತು. ಗಾಳಿ ಬಂದಾಗಲೆಲ್ಲ ಬತ್ತಿ ಇನ್ನೇನು ಆರಿತು ಅನ್ನುವ ಹಾಗೆ ಬಗ್ಗುತ್ತಿತ್ತು. ನನಗೆ ನೋವಿನ ನೆನಪೇ ಇಲ್ಲ. ಆ ಬತ್ತಿಯನ್ನೇ ನೋಡುತ್ತಿದ್ದೆ. ಅದು ಆರಿದರೆ ಮಗು ಉಳಿಯುವುದಿಲ್ಲ ಅಂತ ಏಕೋ ಮನಸ್ಸಿಗೆ ಬಂದುಬಿಟ್ಟಿತ್ತು.”

ಇದನ್ನು ತಂದೆಯವರೂ ಅದೇ ಮೊದಲು ಕೇಳುತ್ತಿದ್ದರು.

“ಮೊದಲೇ ಯಾಕೆ ಹೇಳಲಿಲ್ಲ, ಅಮ್ಮಾ?” ಎಂದಳು ಮಗಳು ಸ್ವಲ್ಪ ಕೋಪದಿಂದಲೇ. “ನಾನು ಮಡಿ ಅಂದುಕೊಂಡಿದ್ದೆ.”

“ಮಡಿ ಅಂತಲೇ ಇರಲಿ ಎಂದು ಸುಮ್ಮನಿದ್ದೆ. ಹುಟ್ಟುಹಬ್ಬದ ದಿನ ಇಂಥ ಮಾತು ಯಾಕೆ?”

ಹುಡುಗಿ ಉತ್ತರ ಕೊಡಲಿಲ್ಲ. 20 ಬಾತ್ ಕೊಟ್ಟು ಮೂರು ತಾವರೆ ಮೊಗ್ಗುಗಳನ್ನು ಕೊಂಡಳು. ಚೀಲದಿಂದ ಮೇಣದಬತ್ತಿಯ ಕಟ್ಟನ್ನು ತೆಗೆದಾಗ ತಾಯಿ ನೋಡಿದರು, ಸುಮ್ಮನಿದ್ದರು. ಆನೆ ಕೋತಿಗಳ ಬುದ್ಧನ ಮುಂದಿದ್ದ ಮರಳಿನ ಬಾನಿಯಲ್ಲಿ ಹುಡುಗಿ ಬತ್ತಿಗಳನ್ನು ಒಂದೊಂದಾಗಿ ನೆಟ್ಟಳು. ಗಾಳಿಗೆ ಎರಡು ಸಲ ಆರಿದವು. ಮೂರನೆಯ ಸಲ ತಾಯಿ ಸೆರಗನ್ನು ಅಡ್ಡ ಹಿಡಿದರು. ಮುದುಕಿ ಕೈಮುಗಿದು ‘ಸುಕ್ಸನ್ ವನ್‌ಕೆತ್’ ಎಂದಳು. ಹುಟ್ಟುಹಬ್ಬದ ಹಾರೈಕೆಯ ಮಾತು ಅದು. ಅದರಲ್ಲಿರುವ ಸುಖ ನಮ್ಮ ಸುಖವೇ. ಉರಿಯುವ ಬತ್ತಿಗಳನ್ನು ಹಾಗೆಯೇ ಬಿಟ್ಟು ಮಳೆ ನಿಂತ ಓಣಿಗೆ ಇಳಿದರು.

ಕೇಕಿನ ಮಾತು ಮತ್ತೆ ಬರಲಿಲ್ಲ. ದಾರಿಯಲ್ಲಿ ಗುಳಿಗಳಿದ್ದ ಕಾವಲಿಯಲ್ಲಿ ಹಿಟ್ಟು ಹೊಯ್ಯುತ್ತಿದ್ದ ಹೆಂಗಸನ್ನು ಕಂಡು ತಾಯಿ ನಿಂತೇಬಿಟ್ಟರು. ಅಚ್ಚು ಪಡ್ಡಿನ ಕಾವಲಿಯೇ! ಖನೋಮ್ ಕ್ರೋಕ್ ಎಂದು ಅದರ ಹೆಸರು. ಅಕ್ಕಿಹಿಟ್ಟು, ತೆಂಗಿನಹಾಲು, ಸಕ್ಕರೆ. ಕೆಳಗೆ ಗರಿ, ಮೇಲೆ ಕೆನೆಯಂತೆ ಮೆತ್ತಗೆ. ಸೊಪ್ಪು ಉದುರಿಸಬೇಡವೆಂದು ಸನ್ನೆಯಿಂದ ತಿಳಿಸಿ, ಎರಡು ತಟ್ಟೆ 80 ಬಾತ್‌ಗೆ ಕೊಂಡು, ನಿಂತಲ್ಲಿಯೇ ಬಾಯಿ ಸುಟ್ಟುಕೊಳ್ಳುತ್ತ ತಿಂದರು. ವರ್ಧಂತಿಯ ಸಿಹಿ ಅದೇ ಆಯಿತು. ನಮ್ಮ ಗುಳಿಯಪ್ಪಕ್ಕಿಂತ ರುಚಿ ಹೆಚ್ಚೆಂದು ಮಗಳು ಹೇಳಿದಾಗ ತಾಯಿ ಒಪ್ಪಲಿಲ್ಲ.

ಸಂಜೆ ಸೀಲೋಮ್‌ಗೆ ಹಿಂದಿರುಗಿದಾಗ ಅಲ್ಲಿಯ ಮಹಾಮಾರಿಯಮ್ಮನ ಗುಡಿಯಲ್ಲಿ ನವರಾತ್ರಿಯ ಜನಸಂದಣಿ. ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳು ವಲಸಿಗರು ಕಟ್ಟಿದ ಗುಡಿಗೆ ಊರಿನವರು ‘ವಾಟ್ ಖೇಕ್’ ಎನ್ನುತ್ತಾರೆ. ಖೇಕ್ ಎಂದರೆ ಅತಿಥಿ; ಭಾರತದವರಿಗೂ ಅಲ್ಲಿ ಅದೇ ಹೆಸರು. ಚೆಂಡುಹೂವಿನ ಹಾರ ಹಿಡಿದು ನಿಂತವರಲ್ಲಿ ನಮ್ಮವರಿಗಿಂತ ಥಾಯಿ ಜನರೇ ಹೆಚ್ಚಾಗಿದ್ದರು. ಪೂಜೆಯ ತಟ್ಟೆಗೆ 100 ಬಾತ್ ಖರ್ಚಾಯಿತು. ಆಮೇಲೆ ಮತ್ತೊಂದು ಹಳದಿ ಬಾವುಟದ ಅಂಗಡಿಯಲ್ಲಿ ನೂಲುಶಾವಿಗೆಯ ಊಟ, 210.

ಏಳಕ್ಕೆ ಹತ್ತು ನಿಮಿಷವಿದ್ದಾಗ ತಂದೆ ಗಡಿಯಾರ ನೋಡಿ, “ಇದೇ ಹೊತ್ತಲ್ಲವೇ?” ಎಂದರು. ಅಲ್ಲ ಎಂದಳು ಮಗಳು. ಬ್ಯಾಂಕಾಕಿನ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದು. ಊರಿನಲ್ಲಿ ಆಗ ಇನ್ನೂ ಐದು ಇಪ್ಪತ್ತು. ಆಕೆಯ ಲೆಕ್ಕದ ಪ್ರಕಾರ ಹದಿನೈದು ತುಂಬುವುದು ಅಲ್ಲಿಯ ಎಂಟು ಇಪ್ಪತ್ತಕ್ಕೆ. ಆದ್ದರಿಂದ ಮೂವರೂ ವಸತಿಗೃಹದ ಮೆಟ್ಟಿಲ ಮೇಲೆ ಕಾದು ಕುಳಿತರು. ಟಿಪ್ಪಣಿ ಪುಸ್ತಕದಲ್ಲಿ ಕೂಡಿಸಿ ನೋಡಿದಾಗ, ಹಿಂದಿರುಗುವ ದೋಣಿಯ 48ನ್ನೂ ಹೊಳೆ ದಾಟಿದ 30ನ್ನೂ ಸೇರಿಸಿ ಒಟ್ಟು ಖರ್ಚು 2386 ಬಾತ್. ತಂದೆ ಇನ್ನೊಮ್ಮೆ ಕೂಡಿಸಿದರು, ತಪ್ಪಿರಲಿಲ್ಲ.

ಎಂಟು ಇಪ್ಪತ್ತಕ್ಕೆ ಸರಿಯಾಗಿ ಹುಡುಗಿಯೇ ಅಜ್ಜಿಗೆ ಫೋನು ಮಾಡಿದಳು. ಗೊಂಬೆಗಳಿಗೆ ಆರತಿ ಮಾಡಿ ಈಗ ತಾನೇ ದೀಪ ಹಚ್ಚಿದ್ದೇನೆಂದು ಅಜ್ಜಿ ಹೇಳಿದರು. ಅಲ್ಲಿ ತಿನ್ನಲು ಏನು ಸಿಕ್ಕಿತೆಂದು ಕೇಳಿದರು. ಪಡ್ಡು ಎಂದು ಕೇಳಿ, ಅಷ್ಟು ದೂರ ಹೋಗಿ ಪಡ್ಡು ತಿಂದಿರಾ ಎಂದು ಬೈದರು.

ಲಕೋಟೆಯಲ್ಲಿ ಉಳಿದ 614 ಬಾತನ್ನು ಹುಡುಗಿ ಹಿಂದಕ್ಕೆ ಕೊಡಲಿಲ್ಲ. ತಂದೆಯೂ ಕೇಳಲಿಲ್ಲ.